ಎರಡು ಚಕ್ರವೋ ಮೂರು ಚಕ್ರವೋ: ಹಿಮದ ರ‍್ಯಾಲಿಗೆ ನಾನು ಓಡಿಸಿ ನೋಡಿದ ಮೂರು ಗಾಡಿಗಳು

ಒದ್ದೆ ರಸ್ತೆಯ ಮೇಲೆ ಟೈರ್ ಸರ್ರಂತ ಸದ್ದು ಮಾಡುತ್ತಲೇ ಇರುತ್ತದೆ. ಆ ಸದ್ದು ತಟ್ಟನೆ ನಿಂತು, ರಸ್ತೆ ಮಾತ್ರ ಒದ್ದೆಯಾಗಿಯೇ ಕಾಣುತ್ತಿದ್ದರೆ ನೀವು ಮಂಜುಗಡ್ಡೆಯ ಮೇಲಿದ್ದೀರಿ ಅಂತ ಅರ್ಥ. ಮುಂದೆ ಹೋಗುವ ಕಾರಿನ ಚಕ್ರದಿಂದ ನೀರು ಚಿಮ್ಮುವುದು ನಿಂತರೂ ಅಷ್ಟೇ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ ಟಿಟ್ಲಿಂಗ್ ಅನ್ನೋ ಊರು ದಾಟಿದ ಮೇಲೆ, ಕಾಡಿನ ನೆರಳು ಬಿದ್ದ ಒಂದು ತಿರುವಿನಲ್ಲಿ, ಹ್ಯಾಂಡಲ್ ಕೈಯಲ್ಲಿ ಇದ್ದೂ ಇಲ್ಲದ ಹಾಗೆ ಹಗುರಾದಾಗ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ನಾನೂ ಬೈಕೂ ಬೇರೆ ಬೇರೆಯಾಗಿ ಜಾರುತ್ತಿದ್ದೆವು. ಬೈಕ್ ನನಗಿಂತ ಮುಂದೆ.

ಅದು ನನ್ನ ಮೊದಲ ಚಳಿಗಾಲದ ರ‍್ಯಾಲಿ. ರ‍್ಯಾಲಿ ಅಂದರೆ ರೇಸ್ ಅಲ್ಲ, ಬೈಕಿನವರು ಹಿಮದಲ್ಲಿ ಡೇರೆ ಹಾಕಿ ಸೇರುವ ಕೂಟ. ಅದೂ ಸೇರಿ ಈಗ ಐದು ಚಳಿಗಾಲ ಆಗಿದೆ. ಗಾಡಿ ಮೂರು. ಒಂದು, ಸುಮಾರು 190 ಕಿಲೋ ತೂಗುವ 650 ಸಿಸಿಯ ಸಿಂಗಲ್ ಸಿಲಿಂಡರ್ ಬೈಕ್. ಎರಡು, ಹಳೆಯ ಬಾಕ್ಸರ್ ಎಂಜಿನ್ (ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಮಲಗಿರುವ ಎಂಜಿನ್) ಬೈಕಿಗೆ ಬಲಗಡೆ ಸೈಡ್‌ಕಾರ್ ಕಟ್ಟಿದ್ದು. ಡ್ರೈವ್, ಅಂದರೆ ಎಂಜಿನ್ನಿನ ಎಳೆತ, ಹಿಂದಿನ ಒಂದೇ ಚಕ್ರಕ್ಕೆ. ಮೂರು, ಗೆಳೆಯನ ಉರಾಲ್, ರಷ್ಯಾ ಮೂಲದ ಸೈಡ್‌ಕಾರ್ ಬೈಕ್. ಇದರಲ್ಲಿ ಬೈಕಿನ ಹಿಂದಿನ ಚಕ್ರದ ಜೊತೆ ಸೈಡ್‌ಕಾರಿನ ಚಕ್ರಕ್ಕೂ ಡ್ರೈವ್ ಕೊಡಬಹುದು.

ಹೋಗಿದ್ದು ಹೆಚ್ಚಾಗಿ ಎಲೆಫಾಂಟೆನ್‌ಟ್ರೆಫೆನ್‌ಗೆ, ಅಂದರೆ ಆನೆಗಳ ಕೂಟಕ್ಕೆ. ಆನೆ ಅಂದರೆ ಆನೆಯಲ್ಲ. ಟ್ಸುಂಡಾಪ್ ಕಂಪನಿಯ ಕೆಎಸ್ 601 ಬೈಕಿಗೆ ‘ಹಸಿರು ಆನೆ’ ಅಂತ ಅಡ್ಡಹೆಸರಿತ್ತು. ಅದಕ್ಕೆ ಸೈಡ್‌ಕಾರ್ ಕಟ್ಟಿಕೊಂಡವರನ್ನು ಎರ್ನ್ಸ್ಟ್ ಲೆವೆರ್‌ಕುಸ್ ಎಂಬ ಬೈಕ್ ಪತ್ರಕರ್ತ 1956ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರ ಒಂದೆಡೆ ಸೇರಿಸಿದ. ಆಮೇಲೆ ಕೂಟ ನ್ಯೂರ್‌ಬುರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೋಯಿತು, ಅಲ್ಲಿಂದ ಆಸ್ಟ್ರಿಯಾದ ಸಾಲ್ಜ್‌ಬುರ್ಗ್‌ರಿಂಗ್ ಟ್ರ್ಯಾಕಿಗೆ. 1989ರಿಂದ ಬವೇರಿಯನ್ ಕಾಡಿನ ಸೊಲ್ಲಾ ಹಳ್ಳಿಯ ಪಕ್ಕದ ಒಂದು ತಗ್ಗಿನಲ್ಲಿ ನಡೆಯುತ್ತಿದೆ. ಆ ತಗ್ಗಿನ ಹೆಸರೇ ‘ಹೆಕ್ಸೆನ್‌ಕೆಸೆಲ್’, ಮಾಟಗಾತಿಯ ಕೊಪ್ಪರಿಗೆ. ಕೊಪ್ಪರಿಗೆ ಅನ್ನೋದನ್ನು ನೆನಪಿಟ್ಟುಕೊಳ್ಳಿ. ಇಳಿಯೋದು ಸುಲಭ.

ಮೊದಲು ಬರೀ ಬೈಕಿನ ಮಾತು. ಜನ ಅಂದುಕೊಂಡಷ್ಟು ಹುಚ್ಚುತನ ಅಲ್ಲ ಇದು. ಜರ್ಮನಿಯಲ್ಲಿ ಹಿಮ ಕರಗಲಿ ಅಂತ ದೊಡ್ಡ ರಸ್ತೆಗಳಿಗೆ ಉಪ್ಪು ಸುರಿಯುತ್ತಲೇ ಇರುತ್ತಾರೆ. ಹೆದ್ದಾರಿಯಲ್ಲಿ ನಿಮಗೆ ಸಿಗೋದು ಹಿಮ ಅಲ್ಲ, ಉಪ್ಪುನೀರು. ಅಲ್ಲಿ ಬೈಕಿಗೆ ಯಾವ ತೊಂದರೆಯೂ ಇಲ್ಲ. ಮನೆಯಿಂದ ಸೊಲ್ಲಾವರೆಗಿನ ನಾನೂರು ಕಿಲೋಮೀಟರಿನಲ್ಲಿ ಮುನ್ನೂರ ತೊಂಬತ್ತು ಆರಾಮಾಗಿ ಹೋಗಿದ್ದೆ, ಬೇರೆ ಎರಡು ಗಾಡಿಗಳಿಗಿಂತ ಬೇಗ, ಕಡಿಮೆ ಪೆಟ್ರೋಲಿನಲ್ಲಿ. ಕಷ್ಟ ಉಳಿದ ಹತ್ತು ಕಿಲೋಮೀಟರಿನದು. ಅಲ್ಲಿ ಎರಡೂ ಕಾಲು ಕೆಳಗೆ ಬಿಟ್ಟು, ಎರಡನೇ ಗೇರಿನಲ್ಲಿ, ಕ್ಲಚ್ ಮೇಲೆ ಬೆರಳೂ ಇಡದೆ, ಬಾತುಕೋಳಿ ನಡೆದ ಹಾಗೆ ಹೋಗಬೇಕು. ಮುಂದಿನ ಬ್ರೇಕ್ ಇದೆ ಅನ್ನೋದನ್ನೇ ಮರೆಯಬೇಕು. ಎರಡು ಗಂಟೆ ಹಾಗೆ ಹೋದರೆ ತೊಡೆ ನಡುಗುತ್ತದೆ, ಭುಜ ಕಲ್ಲಾಗುತ್ತದೆ. ಚಳಿಗಿಂತ ಹೆದರಿಕೆಗೇ ಮೈ ಜಾಸ್ತಿ ಬಿಗಿಯುತ್ತದೆ.

ಅವತ್ತು ಬಿದ್ದಾಗ ನನಗೇನೂ ಆಗಲಿಲ್ಲ. ಬೈಕಿನ ಒಂದು ಇಂಡಿಕೇಟರ್ ಹೋಯಿತು, ಕ್ಲಚ್ ಲಿವರ್ ಬಾಗಿತು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗವಷ್ಟೇ. ಎದ್ದು ಬೈಕ್ ಎತ್ತಲು ಹೋದರೆ ನನ್ನ ಬೂಟೇ ನಿಲ್ಲುತ್ತಿಲ್ಲ. ಬೈಕನ್ನು ಮಲಗಿದ್ದ ಹಾಗೇ ತಿರುಗಿಸಿ, ಚಕ್ರ ರಸ್ತೆ ಬದಿಯ ಹುಲ್ಲಿಗೆ ತಾಗುವವರೆಗೆ ತಳ್ಳಿ, ಆಮೇಲೆ ಎತ್ತಿದೆ. ಇದೊಂದು ಉಪಾಯ ಬೈಕಿನವರು ಕಲಿತಿರಲೇಬೇಕು.

ಮಂಜುಗಡ್ಡೆ ಕಚ್ಚಲು ಲೋಹದ ಮೊಳೆ ಕೂರಿಸಿದ ಮೊಳೆ ಟೈರ್ ಹಾಕಬಾರದಿತ್ತಾ ಅಂತ ಕೇಳಬಹುದು. ಜರ್ಮನಿಯ ರಸ್ತೆಗಳಲ್ಲಿ ಅದು ನಿಷಿದ್ಧ. ಆಸ್ಟ್ರಿಯಾ ಗಡಿಯಲ್ಲಿ ಒಂದು ಸಣ್ಣ ಮೂಲೆಗೆ ಮಾತ್ರ ವಿನಾಯಿತಿ. ನಾರ್ವೆಯಲ್ಲಿ ಹಾಗಲ್ಲ. ನವೆಂಬರ್ 1ರಿಂದ ಈಸ್ಟರ್ ಮುಗಿಯುವ ತನಕ ಮೊಳೆ ಟೈರಿಗೆ ಅಡ್ಡಿಯಿಲ್ಲ. ನಾಲ್ಕನೇ ಚಳಿಗಾಲ ಅಲ್ಲಿನ ಕ್ರಿಸ್ಟಲ್ ರ‍್ಯಾಲಿಗೆ ಇದೇ 650ರಲ್ಲಿ ಹೋದೆ. ಒಂದೊಂದು ಟೈರಿಗೆ ಇನ್ನೂರರ ಹತ್ತಿರ ಸ್ಕ್ರೂ ಮೊಳೆಗಳನ್ನು ಕೂತು ತಿರುಗಿಸಿದ್ದೆ. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಜರ್ಮನಿಯ ಕೀಲ್ ಬಂದರಿನವರೆಗೆ ಸಾದಾ ಟೈರ್. ಮೊಳೆಯವು ಬ್ಯಾಗುಗಳ ಮೇಲೆ ಹಾರ ಹಾಕಿದ ಹಾಗೆ. ಓಸ್ಲೋದಲ್ಲಿ ಹಡಗು ಇಳಿದು ಬಂದರಿನ ಪಾರ್ಕಿಂಗಿನಲ್ಲೇ ಬದಲಾಯಿಸಿದೆ. ಚಳಿಗೆ ರಬ್ಬರ್ ಹಲಗೆಯಾಗಿರುತ್ತದೆ. ಮೂರು ಗಂಟೆ ಹಿಡಿಯಿತು, ಒಂದು ಟ್ಯೂಬನ್ನು ನಾನೇ ಚುಚ್ಚಿಕೊಂಡೆ.

ಆದರೆ ಅದಾದ ಮೇಲೆ! ಗಟ್ಟಿ ಹಿಮದ ರಸ್ತೆಯಲ್ಲಿ ಮೊಳೆ ಟೈರಿನ ಬೈಕ್ ಹೋಗುವ ರೀತಿಯೇ ಬೇರೆ. ತಿರುವಿನಲ್ಲಿ ಬೈಕನ್ನು ವಾಲಿಸಬಹುದು. ಬ್ರೇಕ್ ಹಿಡಿದರೆ ಕರಕರ ಅಂತ ನಿಲ್ಲುತ್ತದೆ. ನಾನು ಓಡಿಸಿದ್ದರಲ್ಲಿ ಇಷ್ಟು ಖುಷಿ ಇನ್ಯಾವುದೂ ಕೊಟ್ಟಿಲ್ಲ. ಮೊಳೆಗೆ ಅವಕಾಶ ಇರುವ ದೇಶಕ್ಕೆ ಹೋಗುವವರು ಸೈಡ್‌ಕಾರಿನ ಯೋಚನೆಯನ್ನೇ ಬಿಡಬಹುದು. ಉಪ್ಪು ಹಾಕಿ ಒಣಗಿಸಿದ ಡಾಂಬರಿನ ಮೇಲೆ ಮಾತ್ರ ಅದೇ ಮೊಳೆಗಳು ಸ್ಕೇಟಿಂಗ್ ಚಕ್ರಗಳಾಗುತ್ತವೆ, ಅದು ಗಮನದಲ್ಲಿರಲಿ.

ಎರಡನೆಯದು ಬಾಕ್ಸರ್ ಮತ್ತು ಸೈಡ್‌ಕಾರ್. ಮನೆಯಲ್ಲಿ ನಾವು ಇದನ್ನು ತೊಟ್ಟಿಲು ಅನ್ನುತ್ತೇವೆ, ಯಾಕಂದರೆ ಅದರಲ್ಲಿ ಕೂರುವ ನನ್ನ ಹೆಂಡತಿ ಹೆದ್ದಾರಿಯಲ್ಲಿ ನಿದ್ದೆ ಹೊಡೆಯುತ್ತಾಳೆ. ಇದನ್ನು ಓಡಿಸುವುದು ಬೈಕ್ ಓಡಿಸಿದಂತಲ್ಲ. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದ ಹಾಗೆ. ಎಳೆಯುವ ಚಕ್ರ ಎಡಗಡೆ, ಸುಮ್ನೆ ಹಿಂದೆ ಬರುವ ಭಾರ ಬಲಗಡೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಬಲಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದರೆ ಸೈಡ್‌ಕಾರಿನ ಭಾರ ಮುಂದಕ್ಕೆ ನುಗ್ಗಿ ಇಡೀ ಗಾಡಿ ಎಡಕ್ಕೆ ತಿರುಗುತ್ತದೆ. ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಅಂದರೆ ಒಂದು ತಪ್ಪಿಗೆ ಚರಂಡಿ, ಇನ್ನೊಂದು ತಪ್ಪಿಗೆ ಎದುರಿನ ಲಾರಿ. ಬಲ ತಿರುವಿನಲ್ಲಿ ಜೋರಾದರೆ ತೊಟ್ಟಿಲು ನೆಲ ಬಿಟ್ಟು ಏಳುತ್ತದೆ. ಖಾಲಿ ಹೋಗುವಾಗ ಅದಕ್ಕೇ ನಲವತ್ತು ಕಿಲೋ ಮರಳಿನ ಮೂಟೆ ಹಾಕುತ್ತೇನೆ. ಮೊದಲ ತಿಂಗಳು ನನ್ನ ತೋಳು ಕುಸ್ತಿ ಆಡಿದವನ ತೋಳಿನ ಹಾಗೆ ನೋಯುತ್ತಿತ್ತು.

ಇಷ್ಟೆಲ್ಲ ಕಲಿತ ಮೇಲೆ ಸಿಗುವುದು ಒಂದೇ, ಆದರೆ ಅದು ದೊಡ್ಡದು: ಬೀಳುವ ಭಯ ಹೋಗುತ್ತದೆ. ಟಿಟ್ಲಿಂಗಿನ ಅದೇ ತಿರುವಿನಲ್ಲಿ ಮರುವರ್ಷ ಸರ್ರಂತ ಸದ್ದು ಮತ್ತೆ ನಿಂತಿತು. ಗಾಡಿ ಅಡ್ಡಡ್ಡ ಒಂದು ಮೀಟರ್ ಸರಿಯಿತು, ಆಮೇಲೆ ಮತ್ತೆ ರಸ್ತೆ ಹಿಡಿಯಿತು. ತೊಟ್ಟಿಲಲ್ಲಿದ್ದವಳು ಎಚ್ಚರವಾಗಲೂ ಇಲ್ಲ.

ವಾಲುವ ಗಾಡಿ ಅಲ್ಲವಾದ್ದರಿಂದ ಇದಕ್ಕೆ ಚಪ್ಪಟೆ ಮೈಯ ಕಾರಿನ ಟೈರ್ ನಡೆಯುತ್ತದೆ. ನನ್ನದಕ್ಕೆ ಹಿಂದೆ 15 ಇಂಚಿನ, 135 ಮಿಲಿಮೀಟರ್ ಅಗಲದ ಕಾರಿನ ವಿಂಟರ್ ಟೈರ್ ಇದೆ. ಬೈಕಿಗೆ ಸಿಗುವ ಯಾವ ಚಳಿಗಾಲದ ಟೈರಿಗಿಂತಲೂ ಇದರ ಹಿಡಿತ ಜಾಸ್ತಿ ಅಂತ ನನ್ನ ಅನುಭವ. ಕಿರಿದಾದಷ್ಟೂ ಒಳ್ಳೆಯದು, ಹಿಮವನ್ನು ಕುಯ್ದು ಕೆಳಗಿಳಿಯುತ್ತದೆ.

ಸೋಲುವುದು ಏರಿನಲ್ಲಿ. ಮೂರನೇ ಚಳಿಗಾಲ ಇಟಲಿಯ ಆನ್ಯೆಲ್ಲೊಟ್ರೆಫೆನ್ ಅನ್ನೋ ಇಂಥದ್ದೇ ಕೂಟಕ್ಕೆ ಹೋದೆವು. ವರೈಟಾ ಕಣಿವೆಯ ತುದಿಯಲ್ಲಿ, 1,600 ಮೀಟರ್ ಎತ್ತರದ ಪೊಂಟೆಕಿಯನಾಲೆಯಲ್ಲಿ ಅದು ನಡೆಯುತ್ತದೆ. ಕೊನೆಯ ತಿರುವುಗಳಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಗಾಡಿ ಮುಂದೆ ಹೋಗುವ ಬದಲು ಸೈಡ್‌ಕಾರಿನ ಸುತ್ತ ತಿರುಗುತ್ತಿತ್ತು.

‘ರೀ, ಹಿಂದಕ್ಕೆ ಬರ್ಲಾ?’ ಅಂತ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ತೊಟ್ಟಿಲಿಂದ ಎದ್ದು ನನ್ನ ಹಿಂದಿನ ಸೀಟಿಗೆ ದಾಟಿ, ಆದಷ್ಟೂ ಹಿಂದೆ ಕೂತಳು. ಅವಳ ಭಾರ ಚಕ್ರದ ಮೇಲೆ ಬಿದ್ದದ್ದೇ ಟೈರ್ ಕಚ್ಚಿತು. ಎರಡು ತಿರುವು ಹಾಗೇ ಹತ್ತಿದೆವು. ಮೂರನೆಯದರಲ್ಲಿ ಅದೂ ಸಾಲಲಿಲ್ಲ. ಟೈರಿಗೆ ಸುತ್ತುವ ಕಬ್ಬಿಣದ ಸ್ನೋ ಚೈನ್ ಕಟ್ಟಬೇಕಾಯಿತು, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ, ಗ್ಲೌಸ್ ಕಳಚಿದ ಬೆರಳಲ್ಲಿ. ಕಬ್ಬಿಣಕ್ಕೆ ಬೆರಳು ಅಂಟಿಕೊಂಡು ಚರ್ಮ ಎದ್ದುಬಂತು. ಚೈನ್ ಬಿದ್ದ ಮೇಲೆ ಮಾತ್ರ ಟ್ರ್ಯಾಕ್ಟರ್ ಹಾಗೆ ಹತ್ತಿತು.

ಹಾಗಾದರೆ ಎರಡು ಚಕ್ರಕ್ಕೆ ಡ್ರೈವ್ ಇರುವ ಉರಾಲ್ ಎಲ್ಲಕ್ಕೂ ಉತ್ತರ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಗೆಳೆಯ ನನ್ನ ಬಾಕ್ಸರ್ ತಗೊಂಡ, ನಾನು ಅವನ ಉರಾಲ್ ತಗೊಂಡೆ. ಸುಮಾರು 330 ಕಿಲೋ ತೂಕ, 749 ಸಿಸಿ, 41 ಕುದುರೆ ಶಕ್ತಿ. ರಿವರ್ಸ್ ಗೇರ್ ಇದೆ, ಹ್ಯಾಂಡ್‌ಬ್ರೇಕ್ ಇದೆ, ಒಂದು ಸ್ಟೆಪ್ನಿ ಮೂರೂ ಕಡೆಗೆ ಕೂರುತ್ತದೆ. ಹಿಮದಲ್ಲಿ ಬದುಕಲು ಹುಟ್ಟಿದ ಗಾಡಿ ಅನ್ನುವುದರಲ್ಲಿ ಅನುಮಾನವೇ ಬೇಡ.

ಆದರೆ ಮೊದಲು ಆ ನಾನೂರು ಕಿಲೋಮೀಟರ್ ದಾಟಬೇಕಲ್ಲ. ಗಂಟೆಗೆ ಎಂಬತ್ತೈದರ ಮೇಲೆ ಓಡಿಸಲು ನನಗೆ ಮನಸ್ಸು ಬರಲಿಲ್ಲ. ಲಾರಿಗಳು ಒಂದೊಂದಾಗಿ ಉಪ್ಪುನೀರಿನ ಸ್ನಾನ ಮಾಡಿಸಿ ಮುಂದೆ ಹೋದವು. ಬಾಕ್ಸರಿನಲ್ಲಿ ಬಂದ ಗೆಳೆಯ ನನಗಿಂತ ಒಂದೂವರೆ ಗಂಟೆ ಮೊದಲೇ ಸೊಲ್ಲಾ ತಲುಪಿ, ಡೇರೆಯ ಕೆಳಗೆ ಹುಲ್ಲು ಹಾಸಿ ಮುಗಿಸಿದ್ದ.

ಎರಡನೇ ಚಕ್ರದ ಡ್ರೈವ್ ಬಗ್ಗೆ ತುಂಬ ಜನಕ್ಕೆ ತಪ್ಪು ಕಲ್ಪನೆ ಇದೆ. ಅದು ಯಾವಾಗಲೂ ಹಾಕಿಕೊಂಡು ಹೋಗುವಂಥದ್ದಲ್ಲ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ಲಿವರ್ ಹಾಕಿದರೆ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ನೇರ ಏರಿನಲ್ಲಿ ಅದು ವರ. ತಿರುವಿನಲ್ಲಿ ಹೊರಚಕ್ರ ಜಾಸ್ತಿ ದೂರ, ಒಳಚಕ್ರ ಕಡಿಮೆ ದೂರ ಹೋಗಬೇಕಲ್ಲ? ಆಗ ಗಾಡಿ ಹಠ ಹಿಡಿದು ನೇರಕ್ಕೇ ಹೋಗುತ್ತದೆ. ನಾನು ಒಂದು ಏರು ಹತ್ತಿದ ಖುಷಿಯಲ್ಲಿ ಲಿವರ್ ತೆಗೆಯಲು ಮರೆತೆ. ಮುಂದೆ ಎಡ ತಿರುವು. ಹ್ಯಾಂಡಲ್ ತಿರುಗಿಸಿದೆ, ಮುಂದಿನ ಚಕ್ರವೂ ತಿರುಗಿತು, ಗಾಡಿ ಮಾತ್ರ ತಿರುಗಲಿಲ್ಲ. ಮರ್ಯಾದೆಯಿಂದ ಹೋಗಿ ಹಿಮದ ದಿಬ್ಬಕ್ಕೆ ಮೂತಿ ಇಟ್ಟು ನಿಂತಿತು. ರಿವರ್ಸ್ ಗೇರಿನ ಬೆಲೆ ಅವತ್ತು ತಿಳಿಯಿತು.

ಇನ್ನೊಂದು ಮಾತು. ಎರಡು ಚಕ್ರದ ಡ್ರೈವ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಉರಾಲಿಗೂ ನನ್ನ ಬಾಕ್ಸರಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹತ್ತಿದ ಧೈರ್ಯದಲ್ಲಿ ಇಳಿಯುವವರು ಜೋಪಾನ.

ಚಳಿಯ ವಿಷಯದಲ್ಲಿ ಮೂರಕ್ಕೂ ಒಂದೇ ಲೆಕ್ಕ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಹೋದರೆ ಮೈಗೆ ಮೈನಸ್ 23ರ ಹಾಗೆ ಹತ್ತುತ್ತದೆ. ಕರೆಂಟಿನ ಜಾಕೆಟ್ ಒಂದೇ ಎಂಬತ್ತು ವ್ಯಾಟ್ ತಿನ್ನುತ್ತದೆ. ಬಾಕ್ಸರಿನಲ್ಲಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಕೊಡುವುದೇ 280. ಲೈಟು, ಇಗ್ನಿಷನ್ ಕಳೆದ ಮೇಲೆ ಇಬ್ಬರ ಜಾಕೆಟ್ ಹಾಕಿದರೆ ಬ್ಯಾಟರಿಗೆ ಏನೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಜಾಕೆಟ್ ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ. ನನಗೆ ಹ್ಯಾಂಡಲ್ಲಿಗೆ ಕಟ್ಟುವ ಗವಸು ಸಾಕು. ಬಿಸಿ ಗ್ಲೌಸಿಗಿಂತ ಅದೇ ವಾಸಿ. ನೋಡಲು ಚೆನ್ನಾಗಿಲ್ಲ ಅಷ್ಟೇ. ಹಗುರ ಅಂತ ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರು ಬೆಳಿಗ್ಗೆ ಸ್ಟಾರ್ಟರ್ ಒತ್ತುವ ಮೊದಲು ಎರಡು ನಿಮಿಷ ಹೆಡ್‌ಲೈಟ್ ಉರಿಸಿ. ಚಳಿಯಲ್ಲಿ ಅದಕ್ಕೆ ಎಚ್ಚರವಾಗಲು ಸ್ವಲ್ಪ ಬಿಸಿ ಬೇಕು.

ಕೊಪ್ಪರಿಗೆಗೆ ವಾಪಸ್ ಬರೋಣ. ನಿಜವಾದ ಪರೀಕ್ಷೆ ಭಾನುವಾರ ಬೆಳಿಗ್ಗೆ. ಎರಡು ದಿನ ಸಾವಿರಾರು ಚಕ್ರ ತುಳಿದ ಕೆಸರು ರಾತ್ರಿ ಗಡ್ಡೆಕಟ್ಟಿರುತ್ತದೆ. ಒಂದೊಂದು ಗಾಡಿಜಾಡೂ ಮೊಣಕಾಲುದ್ದದ ಕಾಲುವೆ. ಬರೀ ಬೈಕಿನಲ್ಲಿ ಹೋದ ವರ್ಷ ಇಬ್ಬರು ಅಪರಿಚಿತರು ಹಿಂದಿನಿಂದ ತಳ್ಳಿದರು, ನಾನು ಇಳಿದು ಪಕ್ಕದಲ್ಲಿ ನಡೆದೆ. ಮೇಲೆ ಬರುವಷ್ಟರಲ್ಲಿ ಒಳಗಿನ ಬನಿಯನ್ ಬೆವರಿಗೆ ಒದ್ದೆ. ಆ ಒದ್ದೆ ಬನಿಯನ್ನಿನಲ್ಲಿ ಮನೆಗೆ ಹೋದದ್ದು ಇವತ್ತಿಗೂ ನೆನಪಿದೆ. ಉರಾಲಿನಲ್ಲಿ ಲಿವರ್ ಹಾಕಿ, ಮೊದಲ ಗೇರಿನಲ್ಲಿ, ಮೇಕೆ ಬಂಡೆ ಹತ್ತಿದ ಹಾಗೆ ಹತ್ತಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಕೆಳಗೆ ಗೆಳೆಯ ನನ್ನ ಬಾಕ್ಸರಿಗೆ ಚೈನ್ ಕಟ್ಟುತ್ತಿದ್ದ. ಹತ್ತು ನಿಮಿಷದ ಮೇಲೆ ಅವನೂ ಮೇಲಿದ್ದ, ಚಪ್ಪಾಳೆ ಇಲ್ಲದೆ.

ಆ ಹತ್ತು ನಿಮಿಷ ಉಳಿಸಲು ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ ಜಾಸ್ತಿ ರಸ್ತೆಯಲ್ಲಿದ್ದೆ. ಮನೆಯೇ ಬೆಟ್ಟದ ಮೇಲಿದ್ದು, ಡಿಸೆಂಬರಿನಿಂದ ಮಾರ್ಚಿನವರೆಗೆ ದಿನಾ ಹಿಮ ತುಳಿಯುವವರು ಕಣ್ಣುಮುಚ್ಚಿ ಉರಾಲ್ ತಗೊಳ್ಳಲಿ. ಒಬ್ಬರೇ ಹೋಗುವವರು, ಬಿದ್ದು ಏಳುವ ವಯಸ್ಸಿನವರು, ನಾರ್ವೆಗೆ ಹೊರಟವರು ಬೈಕನ್ನೇ ಇಟ್ಟುಕೊಳ್ಳಲಿ. ನಾವು ಇಬ್ಬರು, ಸಾಮಾನು ಜಾಸ್ತಿ, ದಾರಿ ಉದ್ದ. ನಮಗೆ ತೊಟ್ಟಿಲೇ ಸರಿ.

ಬರುವ ರ‍್ಯಾಲಿಗೆ ಹೆಂಡತಿ ಹೊಸ ಚೈನ್ ತಂದಿಟ್ಟಿದ್ದಾಳೆ. ಈಗ ದಿನಾ ಸಂಜೆ ಶೆಡ್ಡಿನಲ್ಲಿ ಲೈಟ್ ಆರಿಸಿ, ಗ್ಲೌಸ್ ಹಾಕಿಕೊಂಡೇ ಅದನ್ನು ಕಟ್ಟಿ ಬಿಚ್ಚಿ ಮಾಡುತ್ತಿದ್ದೇನೆ. ಅವಳು ಗಡಿಯಾರ ಹಿಡಿದು ನಿಂತಿರುತ್ತಾಳೆ. ನಿನ್ನೆ ಏಳು ನಿಮಿಷಕ್ಕೆ ಬಂತು.