ಅಮೆರಿಕ ತೆರಿಗೆ ಸೀಸನ್‌ಗೆ ಕೆಲಸಕ್ಕೆ ಸೇರುವವರು ಓದಿ: ಓವರ್‌ಟೈಮ್ ಹೆಸರಿನಲ್ಲಿ ನನಗಾದ ಮೋಸ

ದೀಪಾವಳಿ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿ ಅಮೆರಿಕದ ತೆರಿಗೆ ರಿಟರ್ನ್ ಸಿದ್ಧಪಡಿಸುವ ಕಂಪನಿಗಳು ಬಿ.ಕಾಂ., ಎಂ.ಕಾಂ., ಸಿಎ ಇಂಟರ್ ಮುಗಿಸಿದವರನ್ನು ಹುಡುಕಿ ಹುಡುಕಿ ಕೆಲಸಕ್ಕೆ ಕರೆಯಲು ಆರಂಭಿಸುತ್ತವೆ. ಅಂಥ ಒಂದು ಕಂಪನಿಯಲ್ಲಿ 2024ರ ಸೀಸನ್ ಪೂರ್ತಿ, ಅಂದರೆ ಜನವರಿಯಿಂದ ಏಪ್ರಿಲ್ 15ರ ಗಡುವಿನ ತನಕ ದುಡಿದು, ಹೆಚ್ಚುವರಿ ಗಂಟೆಗಳಿಗೆ ಒಂದು ರೂಪಾಯಿಯನ್ನೂ ಕಾಣದೆ, ಗಳಿಸಿದ್ದ ರಜೆಯನ್ನೂ ಬಹುಪಾಲು ಕಳೆದುಕೊಂಡು ಹೊರಬಂದವಳು ನಾನು. ದೂರು ಇನ್ನೂ ಇತ್ಯರ್ಥವಾಗದ ಕಾರಣ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಅವರು ಅನುಸರಿಸಿದ ದಾರಿಯನ್ನು ಒಂದೊಂದಾಗಿ ಬರೆಯುತ್ತೇನೆ, ಏಕೆಂದರೆ ಇದೇ ದಾರಿಯಲ್ಲಿ ಬೇರೆ ಕಂಪನಿಗಳಲ್ಲೂ ಮೋಸಹೋದವರು ನನಗೆ ಸಿಕ್ಕಿದ್ದಾರೆ.

ಅದಕ್ಕೂ ಮೊದಲು ನಾನು ಒಂದು ಸಣ್ಣ ಆಡಿಟರ್ ಆಫೀಸಿನಲ್ಲಿದ್ದೆ. ತಿಂಗಳ 20ನೇ ತಾರೀಕಿನ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್, ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಗಡುವು, ಇವೆಲ್ಲ ಹತ್ತಿರವಾದಾಗ ರಾತ್ರಿ ಹತ್ತು, ಹನ್ನೊಂದು ಆಗುವುದು ಲೆಕ್ಕಪತ್ರದ ಕೆಲಸದಲ್ಲಿರುವ ಯಾರಿಗೂ ಹೊಸದಲ್ಲ. ಅಲ್ಲಿ ಓವರ್‌ಟೈಮ್ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ನಾವೂ ನಿರೀಕ್ಷಿಸುತ್ತಿರಲಿಲ್ಲ. ಅದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೊಡುತ್ತೇವೆಂದು ಹೇಳಿ ಕೊಡದಿರುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಆ ಮಾತನ್ನು ನಂಬಿಯೇ ಜನ ಇರುವ ಕೆಲಸ ಬಿಟ್ಟು ಬರುತ್ತಾರೆ.

ಸಂದರ್ಶನದಲ್ಲಿ ಮ್ಯಾನೇಜರ್ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಏಪ್ರಿಲ್ 15ರ ತನಕ ಸ್ವಲ್ಪ ಕಷ್ಟವೇ, ಮೇಡಂ. ಆದರೆ ನಿಮ್ಮ ಒಂದು ಗಂಟೆಯೂ ಹಾಳಾಗುವುದಿಲ್ಲ. ವಾರದ ದಿನಗಳ ಓವರ್‌ಟೈಮ್‌ಗೆ ದುಡ್ಡು ಬರುತ್ತದೆ, ಶನಿವಾರ, ಭಾನುವಾರ ಬಂದರೆ ಕಾಂಪ್ ಆಫ್ ಸೇರುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋಗಿ ಆರಾಮವಾಗಿ ಇದ್ದು ಬನ್ನಿ” ಎಂದರು. ಕಾಂಪ್ ಆಫ್ ಎಂದರೆ ರಜಾದಿನ ದುಡಿದದ್ದಕ್ಕೆ ಬದಲಾಗಿ ಸಿಗುವ ರಜೆ. ಆಫರ್ ಲೆಟರ್‌ನಲ್ಲಿ ಮಾತ್ರ “ಓವರ್‌ಟೈಮ್ ಹಾಗೂ ಕಾಂಪ್ ಆಫ್ ಕಂಪನಿಯ ಪಾಲಿಸಿಗೆ ಒಳಪಟ್ಟಿರುತ್ತದೆ” ಎಂಬ ಒಂದೇ ಸಾಲಿತ್ತು. ಆ ಪಾಲಿಸಿಯನ್ನು ಕಳುಹಿಸಿ ಎಂದು ಕೇಳಿದೆ. “ಅದು ಪೋರ್ಟಲ್‌ನಲ್ಲಿದೆ, ಸೇರಿದ ಮೇಲೆ ಲಾಗಿನ್ ಸಿಕ್ಕಾಗ ನೋಡಬಹುದು” ಎಂದು ಎಚ್‌ಆರ್ ಫೋನಿನಲ್ಲಿ ಹೇಳಿದರು. ಹುದ್ದೆಯ ಹೆಸರು “ಅಸಿಸ್ಟೆಂಟ್ ಮ್ಯಾನೇಜರ್” ಎಂದಿತ್ತು. ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ, ಯಾರ ರಜೆಗೂ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ. ನಾನು ಮಾಡುತ್ತಿದ್ದುದು ರಿಟರ್ನ್ ತುಂಬುವ ಕೆಲಸ, ಅಷ್ಟೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಉಪಯೋಗ ಏನೆಂದು ಹೇಳುತ್ತೇನೆ.

ಶಿಫ್ಟ್ ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರವರೆಗೆ ಎಂದು ಹೇಳಿದ್ದರು. ಮಾರ್ಚ್ 15 ಅಮೆರಿಕದ ಪಾರ್ಟ್‌ನರ್‌ಶಿಪ್ ಮತ್ತು ಎಸ್ ಕಾರ್ಪೊರೇಷನ್ ಎಂಬ ಬಗೆಯ ಕಂಪನಿಗಳ ಗಡುವು, ಏಪ್ರಿಲ್ 15 ವೈಯಕ್ತಿಕ ರಿಟರ್ನ್‌ಗಳ ಗಡುವು. ಅರ್ಜಿ ಹಾಕಿದರೆ ವೈಯಕ್ತಿಕ ರಿಟರ್ನ್‌ಗೆ ಅಕ್ಟೋಬರ್ 15ರ ತನಕ ಸಮಯ ಸಿಗುತ್ತದೆ. ಆದರೆ ತೆರಿಗೆ ಕಟ್ಟಲು ಹೆಚ್ಚಿನ ಸಮಯ ಸಿಗುವುದಿಲ್ಲವಾದ್ದರಿಂದ ಲೆಕ್ಕವನ್ನು ಹೇಗಿದ್ದರೂ ಏಪ್ರಿಲ್‌ನಲ್ಲೇ ಹಾಕಬೇಕು. ಹೀಗಾಗಿ ಫೆಬ್ರವರಿಯಿಂದ ರಾತ್ರಿ ಹನ್ನೊಂದಕ್ಕೆ ಎದ್ದವರನ್ನು ನಾನು ಕಂಡದ್ದೇ ಕಡಿಮೆ. ಎರಡು, ಎರಡೂವರೆಯ ಕ್ಯಾಬ್ ಸಿಕ್ಕಿದರೆ ಪುಣ್ಯ. 2024ರ ಯುಗಾದಿ ಏಪ್ರಿಲ್ 9ರಂದು ಬಂದಿತ್ತು, ಗಡುವಿಗೆ ಒಂದು ವಾರವೂ ಬಾಕಿ ಇರಲಿಲ್ಲ. ಬೇವು ಬೆಲ್ಲ ತಿಂದು, ಒಬ್ಬಟ್ಟು ಬೇಯುವ ಮೊದಲೇ ಮನೆಯಿಂದ ಹೊರಟೆ.

ನನಗೆ ಹೆಚ್ಚಾಗಿ ಬರುತ್ತಿದ್ದುದು ಅಮೆರಿಕದಲ್ಲಿ ನೆಲೆಸಿದ ಭಾರತೀಯರ ರಿಟರ್ನ್‌ಗಳು. ಅದರಲ್ಲಿ ನಮ್ಮ ಮೈಸೂರು, ಮಂಗಳೂರು ಕಡೆಯವರೂ ಇರುತ್ತಿದ್ದರು. ನಮ್ಮ ಬ್ಯಾಂಕುಗಳ ಬಡ್ಡಿ ಪ್ರಮಾಣಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದ್ದು, ಅಲ್ಲಿ ಬೇಕಾಗುವುದು ಜನವರಿಯಿಂದ ಡಿಸೆಂಬರ್‌ವರೆಗಿನದ್ದು. ಆದ್ದರಿಂದ ಸ್ಟೇಟ್‌ಮೆಂಟ್ ತೆರೆದು ಬಡ್ಡಿ ಜಮೆಯಾದ ಪ್ರತಿ ಸಾಲನ್ನೂ ಹೆಕ್ಕಿ ಹೊಸದಾಗಿ ಕೂಡಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು, ಅದಕ್ಕೆ ಪ್ರತಿ ಖಾತೆಯ ವರ್ಷದ ಗರಿಷ್ಠ ಮೊತ್ತ ಹುಡುಕಬೇಕು. ಇಲ್ಲಿನ ಮ್ಯೂಚುವಲ್ ಫಂಡ್ ಇದ್ದರಂತೂ ಸಾಮಾನ್ಯವಾಗಿ ಒಂದೊಂದು ಫಂಡ್‌ಗೂ ಪ್ರತ್ಯೇಕವಾಗಿ, ವಿದೇಶಿ ಫಂಡ್‌ಗಳ ವಿವರ ಕೊಡುವ ಫಾರಂ 8621 ತುಂಬಬೇಕು. ಇಂಥ ಒಂದು ರಿಟರ್ನ್‌ಗೆ ಕಂಪನಿಯವರು ಇಟ್ಟಿದ್ದ ಸಮಯದ ಬಜೆಟ್ ಮೂರು ಗಂಟೆ. ಕೆಲಸ ಗೊತ್ತಿರುವ ಯಾರನ್ನಾದರೂ ಕೇಳಿ, ಮೂರು ಗಂಟೆಯಲ್ಲಿ ಅದು ಸರಿಯಾಗಿ ಮುಗಿಯುತ್ತದೆಯೇ ಎಂದು.

ಮೋಸದ ಬೇರು ಇರುವುದು ಈ ಬಜೆಟ್‌ನಲ್ಲೇ. ಟೈಮ್‌ಶೀಟ್‌ನಲ್ಲಿ ಮೂರು ಗಂಟೆಗಿಂತ ಹೆಚ್ಚು ತುಂಬಿದರೆ ಆ ಸಾಲು ಕೆಂಪಾಗುತ್ತಿತ್ತು, “ಅನುಮೋದಿತ ಬಜೆಟ್ ಮೀರಿದೆ” ಎಂಬ ಸೂಚನೆ ಬಂದು ಸೇವ್ ಆಗುತ್ತಲೇ ಇರಲಿಲ್ಲ. ಟೀಮ್ ಲೀಡ್‌ಗೆ ಹೇಳಿದರೆ, “ಬಜೆಟ್ ಮೀರಿದೆ ಎಂದು ಹಾಕಿದರೆ ನಿಮ್ಮ ರೇಟಿಂಗ್‌ಗೇ ಪೆಟ್ಟು. ಮೂರು ಗಂಟೆ ಎಂದೇ ತುಂಬಿ, ಉಳಿದದ್ದನ್ನು ನಾನು ಬೇರೆ ಎಕ್ಸೆಲ್ ಶೀಟ್‌ನಲ್ಲಿ ಬರೆದಿಡುತ್ತೇನೆ, ಸೀಸನ್ ಮುಗಿದ ಮೇಲೆ ಒಟ್ಟಿಗೆ ಸೆಟಲ್ ಮಾಡುತ್ತಾರೆ” ಎಂದರು. ಆ ಎಕ್ಸೆಲ್ ಶೀಟ್ ನಿಜವಾಗಿಯೂ ಇತ್ತು. ಪ್ರತಿ ಶುಕ್ರವಾರ ನಮ್ಮ ಹೆಸರಿನ ಮುಂದೆ ಗಂಟೆಗಳು ಏರುವುದನ್ನು ನಾವೆಲ್ಲ ನೋಡುತ್ತಿದ್ದೆವು. ಇಡೀ ತಂಡ ಅದನ್ನು ನಂಬಿತ್ತು, ಏಕೆಂದರೆ ಅದನ್ನು ಇಟ್ಟುಕೊಂಡಿದ್ದವರು ಕಂಪನಿಯದೇ ಟೀಮ್ ಲೀಡ್.

ಏಪ್ರಿಲ್ 15 ಮುಗಿಯಿತು. ಮರುದಿನ ಎಲ್ಲರಿಗೂ ಕೇಕ್ ತರಿಸಿದರು, ಚಪ್ಪಾಳೆ ತಟ್ಟಿಸಿದರು. ಅದೇ ವಾರ ಮೇ ತಿಂಗಳ ರಜೆಗೆ ಅರ್ಜಿ ಹಾಕೋಣವೆಂದು ಪೋರ್ಟಲ್ ತೆರೆದೆ. ಕಾಂಪ್ ಆಫ್ ಎದುರು ಇದ್ದದ್ದು ಏಪ್ರಿಲ್‌ನ ಎರಡು ವಾರಾಂತ್ಯಗಳದ್ದು ಮಾತ್ರ. ಜನವರಿಯಿಂದ ಮಾರ್ಚ್‌ವರೆಗಿನದು ಒಂದೂ ಇಲ್ಲ. ಪೋರ್ಟಲ್‌ನ ತಪ್ಪಿರಬೇಕು ಎಂದುಕೊಂಡು ಎಚ್‌ಆರ್‌ಗೆ ಬರೆದೆ. ಬಂದ ಉತ್ತರ ಹೀಗಿತ್ತು: “ರಜಾ ವರ್ಷ ಮಾರ್ಚ್ 31ಕ್ಕೆ ಕೊನೆಗೊಳ್ಳುತ್ತದೆ. ಬಳಸದೆ ಉಳಿದ ಕಾಂಪ್ ಆಫ್ ಆ ದಿನ ತಾನಾಗಿಯೇ ಲ್ಯಾಪ್ಸ್ ಆಗುತ್ತದೆ. ಪಾಲಿಸಿಯನ್ನು ಗಮನಿಸಿ.” ಜನವರಿ 1ರಿಂದ ಏಪ್ರಿಲ್ 15ರ ತನಕ ಯಾರೂ ಯಾವ ರಜೆಯನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಆದೇಶ ಹೊರಡಿಸಿದವರೂ ಇವರೇ. ಬಳಸಲು ಬಿಡದ ಅವಧಿಯಲ್ಲೇ ರಜೆಯನ್ನು ರದ್ದು ಮಾಡುವುದು ಯಾವ ನ್ಯಾಯ? ಆ ಪಾಲಿಸಿಯನ್ನು ಬರೆದವರಿಗೆ ಏಪ್ರಿಲ್ 15 ಎಂದರೆ ಏನೆಂದು ಗೊತ್ತಿರಲಿಲ್ಲವೇ? ಅದು ತೆರಿಗೆ ಕಂಪನಿ. ಗೊತ್ತಿದ್ದೇ ಬರೆದದ್ದು.

ಇದನ್ನೇ ಕೇಳಿ ಮತ್ತೆ ಬರೆದೆ. “ವಿನಾಯಿತಿ ಕೋರಿ ಮಾರ್ಚ್ 31ರೊಳಗೆ ಮನವಿ ಸಲ್ಲಿಸಬಹುದಿತ್ತು” ಎಂದರು. ಅಂಥ ಮನವಿಗೆ ಅವಕಾಶವಿದೆ ಎಂದು ನಮಗೆ ಯಾರೂ ತಿಳಿಸಿರಲಿಲ್ಲ, ಪೋರ್ಟಲ್‌ನಲ್ಲಿ ಅದಕ್ಕೊಂದು ಫಾರಂ ಕೂಡ ಇರಲಿಲ್ಲ.

ಏಪ್ರಿಲ್ ಸಂಬಳ ಬಂತು. ಪೇಸ್ಲಿಪ್‌ನಲ್ಲಿ ಓವರ್‌ಟೈಮ್ ಎಂಬ ಸಾಲಿನ ಎದುರು ಸೊನ್ನೆ. ಮುಂದಿನ ತಿಂಗಳು ಸೇರಿಸುತ್ತಾರೆ ಎಂದು ಲೀಡ್ ಸಮಾಧಾನ ಹೇಳಿದರು. ಮೇ ಪೇಸ್ಲಿಪ್‌ನಲ್ಲೂ ಸೊನ್ನೆ. ಆಗ ಎಚ್‌ಆರ್ ಜೊತೆ ಸಭೆ ಕೇಳಿ, ಎಕ್ಸೆಲ್ ಶೀಟ್‌ನ ವಿಷಯ ಹೇಳಿದೆ. ಆಕೆ ನಗುನಗುತ್ತಲೇ, “ಯಾವ ಶೀಟ್, ಮೇಡಂ? ನಮ್ಮ ಅಧಿಕೃತ ದಾಖಲೆ ಟೈಮ್‌ಶೀಟ್ ಮಾತ್ರ. ಅದರಲ್ಲಿ ನೀವೇ ದಿನಕ್ಕೆ ಒಂಬತ್ತು ಗಂಟೆ ಎಂದು ತುಂಬಿ ಸಬ್ಮಿಟ್ ಮಾಡಿದ್ದೀರಿ” ಎಂದರು. ಪಕ್ಕದಲ್ಲಿ ಕುಳಿತಿದ್ದ ಟೀಮ್ ಲೀಡ್ ತಲೆ ತಗ್ಗಿಸಿಕೊಂಡು, “ಅದು ನಮ್ಮ ತಂಡದ ಆಂತರಿಕ ಅಂದಾಜು ಅಷ್ಟೇ” ಎಂದರು. ಅಂದಾಜು! ವಾರವಾರವೂ ನಮ್ಮ ಕಣ್ಣೆದುರೇ ಬರೆದ ಗಂಟೆಗಳು ಆ ಕ್ಷಣದಲ್ಲಿ ಅಂದಾಜಾದವು. ಅದೇ ಸಂಜೆ ಆ ಶೀಟ್ ತೆರೆಯಲು ನಮಗಿದ್ದ ಅನುಮತಿಯನ್ನೂ ತೆಗೆದುಹಾಕಿದರು. ಇಷ್ಟು ದಿನ ನಮ್ಮಿಂದಲೇ ನಮ್ಮ ವಿರುದ್ಧ ದಾಖಲೆ ಬರೆಸಿಕೊಂಡರು ಎಂದು ಆಗ ಅರ್ಥವಾಯಿತು. ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಮೇ ತಿಂಗಳೆಲ್ಲ ಮನೆಯಲ್ಲೇ ಇರುತ್ತೇನೆ, ಓವರ್‌ಟೈಮ್ ದುಡ್ಡಿನಲ್ಲಿ ತಂಗಿಯ ಫೀಸ್ ಕಟ್ಟುತ್ತೇನೆ ಎಂದು ಅರಸೀಕೆರೆಯಲ್ಲಿರುವ ಅಮ್ಮನಿಗೆ ಹೇಳಿದ್ದೆ. “ಅಷ್ಟು ರಾತ್ರಿ ಕೂತದ್ದು ಯಾರ ಲೆಕ್ಕಕ್ಕೆ ಹೋಯಿತೇ?” ಎಂದು ಅಮ್ಮ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಾನು ಬಿಡಲಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಮಾಮೂಲಿ ದರದ ಎರಡು ಪಟ್ಟು ವೇತನ ಕೊಡಬೇಕು, ಓವರ್‌ಟೈಮ್ ಮೂರು ತಿಂಗಳಲ್ಲಿ 50 ಗಂಟೆ ಮೀರಬಾರದು ಎಂದು ಉಲ್ಲೇಖಿಸಿ ಇಮೇಲ್ ಕಳುಹಿಸಿದೆ. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ ಎಂಬ ಮಿತಿಯನ್ನೂ ಬರೆದಿದ್ದೆ. ಮೊದಲ ಉತ್ತರ, ದಾಸ್ತಾನು ಎಣಿಕೆ ಮತ್ತು ಲೆಕ್ಕಪತ್ರ ಸಿದ್ಧಪಡಿಸುವ ದಿನಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ ಎಂದು ಬಂತು. ಕಾಯ್ದೆಯಲ್ಲಿ ಆ ವಿನಾಯಿತಿ ಇರುವುದು ನಿಜ. ಆದರೆ ಅದು ದಿನದ ಗಂಟೆಗಳ ಮಿತಿಗೆ ಸಂಬಂಧಿಸಿದ್ದು, ಮಾಡಿದ ಕೆಲಸಕ್ಕೆ ವೇತನ ಕೊಡಬೇಡಿ ಎಂದು ಅದು ಹೇಳುವುದಿಲ್ಲ. ಅದನ್ನೇ ಬರೆದಾಗ ಎರಡನೆಯ ಉತ್ತರ ಬಂತು: “ತಾವು ಅಸಿಸ್ಟೆಂಟ್ ಮ್ಯಾನೇಜರ್. ಆಡಳಿತ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.” ಆಫರ್ ಲೆಟರ್‌ನಲ್ಲಿ ಆ ದೊಡ್ಡ ಹೆಸರು ಏಕಿತ್ತು ಎಂಬುದು ಆಗ ತಿಳಿಯಿತು. ನಮ್ಮ ತಂಡದಲ್ಲಿ ಎರಡು ವರ್ಷದ ಅನುಭವ ಇದ್ದವರೆಲ್ಲರೂ ಅಸಿಸ್ಟೆಂಟ್ ಮ್ಯಾನೇಜರ್‌ಗಳೇ. ಎಲ್ಲರೂ ಮ್ಯಾನೇಜರ್‌ಗಳಾದರೆ ಮ್ಯಾನೇಜ್ ಮಾಡಿಸಿಕೊಳ್ಳುವವರು ಯಾರು ಎಂದು ಕೇಳಿ ಬರೆದ ಇಮೇಲ್‌ಗೆ ಉತ್ತರವೇ ಬರಲಿಲ್ಲ.

ಆ ಜುಲೈನಲ್ಲಿ ಪುಣೆಯಲ್ಲಿ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಕೆಲಸಕ್ಕೆ ಸೇರಿದ ನಾಲ್ಕೇ ತಿಂಗಳಲ್ಲಿ ತೀರಿಕೊಂಡಿದ್ದರು. ಕೆಲಸದ ಒತ್ತಡವೇ ಮಗಳನ್ನು ಬಲಿ ತೆಗೆದುಕೊಂಡಿತು ಎಂದು ಆಕೆಯ ತಾಯಿ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ಎಲ್ಲೆಡೆ ಹರಡಿತು. ನಮ್ಮ ಕಂಪನಿಯವರು ತಕ್ಷಣ ಮಾನಸಿಕ ಆರೋಗ್ಯದ ಬಗ್ಗೆ ಒಂದು ಗಂಟೆಯ ಆನ್‌ಲೈನ್ ಉಪನ್ಯಾಸ ಏರ್ಪಡಿಸಿದರು. ಅದೂ ಶನಿವಾರ, ಹಾಜರಾತಿ ಕಡ್ಡಾಯ. ಅಂದೇ ರಾಜೀನಾಮೆ ಬರೆದೆ. 90 ದಿನದ ನೋಟಿಸ್ ಅವಧಿಯನ್ನು ಒಂದು ದಿನವೂ ಬಿಡದೆ ದುಡಿಸಿಕೊಂಡರು. ಕೊನೆಯ ದಿನ, “ಕಂಪನಿಯಿಂದ ನನಗೆ ಯಾವ ಬಾಕಿಯೂ ಇಲ್ಲ” ಎಂಬ ಕಾಗದಕ್ಕೆ ಸಹಿ ಹಾಕಿದರೆ ಮಾತ್ರ ರಿಲೀವಿಂಗ್ ಲೆಟರ್ ಎಂದರು. ಸಹಿ ಹಾಕಲಿಲ್ಲ. ಲೆಟರ್ ಬರಲು ತಿಂಗಳುಗಳೇ ಹಿಡಿದವು, ಆ ಅವಧಿಯಲ್ಲಿ ಕೈಗೆ ಬಂದಿದ್ದ ಒಂದು ಒಳ್ಳೆಯ ಕೆಲಸ ತಪ್ಪಿಹೋಯಿತು. ಆ ನಷ್ಟವನ್ನು ನಾನು ಮರೆಯಲಾರೆ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಟ್ಟಿದ್ದೇನೆ. ಅಲ್ಲಿ ಮೊದಲು ಕೇಳಿದ್ದೇ, ಹೆಚ್ಚುವರಿ ಗಂಟೆಗಳಿಗೆ ಸಾಕ್ಷಿ ಏನಿದೆ ಎಂದು. ನನ್ನ ಬಳಿ ಉಳಿದದ್ದು ಕ್ಯಾಬ್‌ನ ಎಸ್‌ಎಂಎಸ್‌ಗಳು ಮಾತ್ರ. ರಾತ್ರಿ ಎಷ್ಟು ಗಂಟೆಗೆ ಆಫೀಸಿನಿಂದ ಹೊರಟೆ ಎಂಬುದು ಒಟಿಪಿ ಸಮೇತ ಪ್ರತಿ ಸಂದೇಶದಲ್ಲೂ ಇತ್ತು. ಅಧಿಕಾರಿ ಅವನ್ನು ಮುದ್ರಿಸಿಕೊಂಡು ಬರಲು ಹೇಳಿದರು, ಕೊಟ್ಟಿದ್ದೇನೆ. ಕಂಪನಿಯ ಪರವಾಗಿ ಬಂದವರು ಮಾತ್ರ ಈಗಲೂ ನನ್ನ ಹುದ್ದೆಯ ಹೆಸರನ್ನೇ ಹಿಡಿದುಕೊಂಡು ಕುಳಿತಿದ್ದಾರೆ.

ಸರ್ಕಾರದ ಮೇಲೂ ನನಗೆ ಸಿಟ್ಟಿದೆ. ಇರುವ ಒಂಬತ್ತು ಗಂಟೆಯ ನಿಯಮವನ್ನೇ ಪಾಲಿಸದವರನ್ನು ಕೇಳುವವರಿಲ್ಲ. ಹೀಗಿರುವಾಗ 2025ರ ಜೂನ್‌ನಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಗಂಟೆ, ಮೂರು ತಿಂಗಳಿಗೆ 144 ಗಂಟೆಗಳ ಓವರ್‌ಟೈಮ್‌ಗೆ ಅವಕಾಶ ಕೊಡುವ ಪ್ರಸ್ತಾವ ಮುಂದಿಟ್ಟರು. ಐಟಿ ನೌಕರರ ಸಂಘ ವಿರೋಧಿಸಿತು. ಲೆಕ್ಕಪತ್ರದ ಕೆಲಸದಲ್ಲಿರುವ ನಾವು ಮಾತ್ರ ಆಗಲೂ ಯಾವುದೋ ಗಡುವಿನ ಹಿಂದೆ ಓಡುತ್ತಿದ್ದೆವು.

ಸೇರಲು ಹೊರಟವರಿಗೆ ನಾನು ಹೇಳುವುದು ಇಷ್ಟು. ಓವರ್‌ಟೈಮ್ ದರ, ಅದನ್ನು ಯಾವ ದಾಖಲೆಯಿಂದ ಲೆಕ್ಕ ಹಾಕುತ್ತಾರೆ, ಕಾಂಪ್ ಆಫ್ ಯಾವ ತಾರೀಕಿಗೆ ಲ್ಯಾಪ್ಸ್ ಆಗುತ್ತದೆ, ಈ ಮೂರನ್ನೂ ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಉತ್ತರ ಇಮೇಲ್‌ನಲ್ಲಿ ಬಾರದೆ ಫೋನಿನಲ್ಲಿ ಬಂದರೆ ಆ ಕೆಲಸಕ್ಕೆ ಹೋಗಬೇಡಿ. ಕೈಕೆಳಗೆ ಯಾರೂ ಇಲ್ಲದೆ ಮ್ಯಾನೇಜರ್ ಎಂಬ ಹೆಸರು ಕೊಟ್ಟರೆ ಖುಷಿಪಡಬೇಡಿ, ಬದಲಾಯಿಸಲು ಹೇಳಿ. ಮೂರು ಗಂಟೆಯ ಕೆಲಸಕ್ಕೆ ಏಳು ಗಂಟೆ ಹಿಡಿದರೆ ಏಳು ಎಂದೇ ತುಂಬಿ. ಸಾಲು ಕೆಂಪಾದರೆ ಅದರ ಫೋಟೊ ತೆಗೆದು, ಹೆಚ್ಚು ಸಮಯ ಹಿಡಿದ ಕಾರಣವನ್ನು ಅಂದೇ ಲೀಡ್‌ಗೆ ಬರೆದು, ಆ ಉತ್ತರದ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಗ್ರಾಹಕರ ಮಾಹಿತಿ ಮಾತ್ರ ಅದರಲ್ಲಿ ಕಾಣದಿರಲಿ, ಅದನ್ನೇ ನೆಪ ಮಾಡಿ ನಿಮ್ಮನ್ನೇ ಹೊರಹಾಕುತ್ತಾರೆ. ಕ್ಯಾಬ್ ಸಂದೇಶಗಳನ್ನು ಒಂದನ್ನೂ ಅಳಿಸಬೇಡಿ. ಇದೇ ರೀತಿ ಹಣ ಕಳೆದುಕೊಂಡು ಸುಮ್ಮನಿರುವವರು ಕಾರ್ಮಿಕ ಭವನಕ್ಕೆ ಹೋಗಿ ನಿಮ್ಮ ದೂರನ್ನೂ ಕೊಡಿ. ನಮ್ಮ ತಂಡದಲ್ಲಿ ದೂರು ಕೊಟ್ಟವಳು ಈವರೆಗೆ ನಾನೊಬ್ಬಳೇ, ಅದನ್ನೂ ಕಂಪನಿಯವರು “ಬೇರೆ ಯಾರಿಗೂ ಇಲ್ಲದ ತಕರಾರು” ಎಂದು ಲಿಖಿತವಾಗಿ ಹೇಳಿದ್ದಾರೆ.