ಅರಿಯಲೂರೋ, ಕಚ್ಛೋ, ಸ್ಪಿತಿಯೋ?

ಹಳೇ ಕಡಲಿನ ಪಳೆಯುಳಿಕೆ ನೋಡಲು ಕಾರವಾರದಿಂದ ಮೊದಲು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ನಮ್ಮ ಕರಾವಳಿಯಲ್ಲಂತೂ ಹುಡುಕಬೇಡಿ. ಇಲ್ಲಿರೋದು ಗ್ರಾನೈಟ್, ನೈಸ್ (ಶಾಖ, ಒತ್ತಡಕ್ಕೆ ಮಾರ್ಪಟ್ಟ ಪಟ್ಟೆಕಲ್ಲು), ಮೇಲೆ ಚಿರೆಕಲ್ಲು; ಇವುಗಳಲ್ಲಿ ಕಡಲಿನ ಪಳೆಯುಳಿಕೆ ಸಿಗೋದಿಲ್ಲ.

ಖರ್ಚು ನೋಡಿದರೆ ತಮಿಳುನಾಡಿನ ಅರಿಯಲೂರು ಸಲೀಸು. ತಿರುಚ್ಚಿಯಿಂದ ಬಸ್ಸಿದೆ. ಪಕ್ಕದ ಕಾರೈಯಲ್ಲಿ ಮಳೆ ಕೊರೆದ ಮೆದು ಜೇಡಿಯ ಮೇಲೆ ಬೆಲೆಮ್ನೈಟ್ (ಸ್ಕ್ವಿಡ್‌ನಂಥ, ಈಗ ಅಳಿದುಹೋದ ಕಡಲಜೀವಿ) ಕಡ್ಡಿಗಳು ಹೊಸಬರ ಕಣ್ಣಿಗೂ ಬೀಳುತ್ತವೆ. ವಯಸ್ಸು ಸುಮಾರು 10 ಕೋಟಿ ವರ್ಷ.

ಕಲ್ಲಿನ ಪದರ ಓದೋದು, ಅಂದರೆ ಯಾವುದು ಹಳೆಯದು, ಯಾವುದು ಹೊಸದು ಅಂತ ತಿಳಿಯೋದು ಕಲಿಯಬೇಕಾ? ಹಾಗಾದರೆ ಕಚ್ಛ. ದೂರ ಜಾಸ್ತಿ, ಬಿಸಿಲೂ ಜಾಸ್ತಿ, ಚಳಿಗಾಲದಲ್ಲೇ ಹೋಗಿ. ಅಲ್ಲಿ ಧೋಸಾ ಊಲೈಟ್ ಅಂತ ಒಂದು ಪದರವಿದೆ, ಸುಮಾರು 16 ಕೋಟಿ ವರ್ಷದ್ದು. ಸಾಸಿವೆಯಂಥ ದುಂಡು ಕಾಳುಗಳು ಅಂಟಿಕೊಂಡು ಆದ ಕಲ್ಲು, ನಡುನಡುವೆ ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ. ಇದೇ ಪದರ ಗುಡ್ಡದಿಂದ ಗುಡ್ಡಕ್ಕೆ ಸಿಗುತ್ತದೆ. ಅದನ್ನು ಗುರುತು ಹಿಡಿದರೆ ಮೇಲಿನದು, ಕೆಳಗಿನದು ತಾನಾಗಿ ಹೊಂದುತ್ತದೆ.

ಹಿಮಾಚಲದ ಸ್ಪಿತಿಗೆ ದುಡ್ಡೂ ಬೇಕು, ಉಸಿರೂ ಬೇಕು. ಅಲ್ಲಿನ ಲಾಂಗ್ಜಾ ಹಳ್ಳಿ 4,000 ಮೀಟರಿಗಿಂತ ಎತ್ತರ. ಆದರೆ ನಮ್ಮಲ್ಲಿ ಮಳೆ ಹೊಯ್ಯುವಾಗಲೇ ಅಲ್ಲಿ ದಾರಿ ತೆರೆದಿರುತ್ತದೆ. ಕರಿ ಶೇಲಿನ (ಕೆಸರು ಗಟ್ಟಿಯಾಗಿ ಆದ ಪದರಗಲ್ಲು) ಗುಂಡುಗಳೊಳಗೆ ಅಮೋನೈಟ್ ಇರುತ್ತವೆ. ದೇವರಕೋಣೆಯ ಸಾಲಿಗ್ರಾಮವೂ ಇದೇ ಜಾತಿಯದು, ಅಲ್ವಾ!

ಮೂರರಲ್ಲಿ ಎಲ್ಲೇ ಹೋದರೂ ಫೋಟೊ ತೆಗೆಯಿರಿ, ಪದರದ ಚಿತ್ರ ಬರೆದುಕೊಳ್ಳಿ. ಅನುಮತಿ ಇಲ್ಲದೆ ಕಲ್ಲು ಚೀಲಕ್ಕೆ ಹಾಕಬೇಡಿ.