ಕೂಬರ್ ಪೀಡಿಯಲ್ಲಿ ಓಪಲ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಜುಲೈ ರಜೆಗೆ ಅಡಿಲೇಡ್‌ನಿಂದ ಆಸ್ಟ್ರೇಲಿಯಾದ ನಡುವಿನ ದೊಡ್ಡ ಕೆಂಪು ಬಂಡೆ ಉಲುರುವಿಗೆ ಕಾರಿನಲ್ಲಿ ಹೊರಡೋ ಕನ್ನಡದವರು ಸುಮಾರು ಜನ ಇರ್ತೀರಿ. ದಾರಿಯಲ್ಲಿ, ಓಪಲ್ ಅನ್ನೋ ಬಣ್ಣದ ಹರಳಿನ ಗಣಿಗಳಿರೋ ಕೂಬರ್ ಪೀಡಿಯಲ್ಲಿ ಒಂದು ರಾತ್ರಿ ಉಳಿದೇ ಉಳೀತೀರಿ. ಉಳೀರಿ, ನೋಡಲೇಬೇಕಾದ ಊರು. ಆದರೆ ಓಪಲ್ ಅಂಗಡಿಗೆ ಕಾಲಿಡೋ ಮುಂಚೆ ನನಗಾಗಿದ್ದು ಕೇಳಿ. ಬರೆಯೋಕೆ ನಾಚಿಕೆ ಆಗ್ತಿದೆ. ಹೆಂಡತಿ ಬೇಡ ಅಂದಳು. ಆದರೂ ಬರೀತಿದ್ದೇನೆ.

ಏಪ್ರಿಲ್‌ನಲ್ಲಿ ಹೋಗಿದ್ದು. ಹಾಸನದಿಂದ ಅಮ್ಮ ಬಂದಿದ್ದರು. ಹತ್ತಿರ ಹತ್ತಿರ 850 ಕಿಲೋಮೀಟರ್ ದಾರಿ. ಗ್ಲೆಂಡಾಂಬೊ ದಾಟಿದ ಮೇಲಂತೂ 250 ಕಿಲೋಮೀಟರ್ ಒಂದು ಊರಿಲ್ಲ, ಒಂದು ಪೆಟ್ರೋಲ್ ಬಂಕಿಲ್ಲ. ಸಾಯಂಕಾಲ ಊರು ಹತ್ತಿರ ಆಗ್ತಿದ್ದ ಹಾಗೆ ರಸ್ತೆಯ ಎರಡೂ ಕಡೆ ಬಿಳಿ ಮಣ್ಣಿನ ಗುಡ್ಡೆಗಳು, ಸಾವಿರಾರು. ಒಂದೊಂದರ ಪಕ್ಕದಲ್ಲೂ ಆಳವಾದ ಗುಂಡಿ. ಓಡಬೇಡಿ, ಹಿಂದಕ್ಕೆ ನಡೀಬೇಡಿ ಅಂತ ಬೋರ್ಡು. 1915ರಲ್ಲಿ ಓಪಲ್ ಸಿಕ್ಕಾಗಿನಿಂದ ತೋಡ್ತಾನೇ ಇದ್ದಾರೆ. ಎರಡು ಸಾವಿರ ಜನಾನೂ ಇಲ್ಲದ ಊರು, ಬೇಸಿಗೆಯ ಬಿಸಿಲು ತಾಳಲಾರದೆ ಅರ್ಧಕ್ಕರ್ಧ ಜನ ಗುಡ್ಡದೊಳಗೆ ಮನೆ ಕೊರ್ಕೊಂಡಿದ್ದಾರೆ. ಚರ್ಚೂ ನೆಲದೊಳಗೇ ಇದೆ. ನಾವು ಉಳಿದ ರೂಮಿನ ಗೋಡೆಯ ಮೇಲೆ ಮೆಷಿನ್ನಿನ ಗೀರು ಹಾಗೇ ಇತ್ತು. ಅಮ್ಮ ಅದರ ಮೇಲೆ ಕೈಯಾಡಿಸಿ, "ಬಾದಾಮಿ ಗುಹೆ ಥರ ಇದೆಯಲ್ಲೋ" ಅಂದರು. ಎಷ್ಟು ಖುಷಿಯಾಗಿದ್ದರು ಅಂದರೆ, ಅದಕ್ಕೇ ಮರುದಿನ ಅವರಿಗೊಂದು ಓಪಲ್ ಉಂಗುರ ಕೊಡಿಸೋಣ ಅನ್ನಿಸ್ತು. ಯಾವತ್ತೂ ಏನೂ ಕೇಳಿದವರಲ್ಲ.

ಅಂಗಡಿಯವನು ತುಂಬಾ ಒಳ್ಳೆಯವನ ಹಾಗೆ ಮಾತಾಡಿದ. ಅಮ್ಮನಿಗೆ ಕುರ್ಚಿ ಹಾಕಿದ, ನೀರು ಕೊಟ್ಟ. ನಮ್ಮದೇ ಗಣಿಯ ಕಲ್ಲು ಅಂದ. ಕಪ್ಪು ಬಟ್ಟೆಯ ಮೇಲೆ ಬೆಳ್ಳಿ ಉಂಗುರವೊಂದನ್ನಿಟ್ಟು ದೀಪ ತಿರುಗಿಸಿದ. ನವಿಲುಗರಿ ನೋಡಿದ ಹಾಗಾಯ್ತು, ಹಸಿರು, ನೀಲಿ, ನಡುವೆ ಕೆಂಪು. "ಬ್ಲ್ಯಾಕ್ ಓಪಲ್, ಜೆನ್ಯುಯಿನ್" ಅಂದ. 680 ಡಾಲರ್. ಚೌಕಾಸಿ ಮಾಡಿದೆ, ಇಪ್ಪತ್ತು ಡಾಲರೂ ಇಳಿಸಲಿಲ್ಲ. ಇಳಿಸದೇ ಇದ್ದಿದ್ದಕ್ಕೇ ಅಸಲಿ ಇರಬೇಕು ಅಂದುಕೊಂಡೆ. ಬಿಲ್ಲು ಕೊಟ್ಟ, ಕಾರ್ಡ್ ಉಜ್ಜಿದೆ.

ಅಲ್ಲೇ ಎರಡು ವಿಷಯ ತಲೆಗೆ ಹೊಳೀಬೇಕಿತ್ತು. ಕೂಬರ್ ಪೀಡಿ ಹೆಸರುವಾಸಿ ಆಗಿರೋದು ಬಿಳಿ ಓಪಲ್‌ಗೆ. ಮೈ ಕಪ್ಪಗಿರೋ ಬ್ಲ್ಯಾಕ್ ಓಪಲ್‌ಗೆ ಹೆಸರಾದ ಊರು ನ್ಯೂ ಸೌತ್ ವೇಲ್ಸ್‌ನ ಲೈಟ್ನಿಂಗ್ ರಿಡ್ಜ್. ಇನ್ನೊಂದು, ಆ ಉಂಗುರದಲ್ಲಿ ಕಲ್ಲಿನ ಹಿಂಬದಿ ಪೂರ್ತಿ ಮುಚ್ಚಿತ್ತು, ಪಕ್ಕದಲ್ಲೂ ಬೆಳ್ಳಿಯ ಪಟ್ಟಿ. ಮೇಲಿನಿಂದ ಬಿಟ್ಟು ಬೇರೆ ಎಲ್ಲಿಂದಲೂ ಕಲ್ಲು ಕಾಣ್ತಿರಲಿಲ್ಲ.

ಅಡಿಲೇಡ್‌ಗೆ ವಾಪಸ್ ಬಂದು ಐದನೇ ವಾರ. ಅಮ್ಮ ಪಾತ್ರೆ ತೊಳೆದು ಬಂದು, "ನೋಡೋ, ಕಣ್ಣಿಗೆ ಪೊರೆ ಬಂದ ಹಾಗಿದೆ" ಅಂತ ಕೈ ಚಾಚಿದರು. ಕಲ್ಲಿನ ಅಂಚಿನಿಂದ ಒಳಕ್ಕೆ ಬೆಳ್ಳಗೆ ಮಂಜು ಕಟ್ಟಿತ್ತು. ಒರೆಸಿದರೂ ಹೋಗಲಿಲ್ಲ. ಸಿಟಿಯಲ್ಲಿ ಒಬ್ಬ ಒಡವೆ ಕೆಲಸದವರ ಹತ್ತಿರ ಒಯ್ದೆ. ಅವರು ಪಟ್ಟಿ ಬಿಡಿಸಿ ಕಲ್ಲನ್ನು ಇಕ್ಕಳದಲ್ಲಿ ಅಡ್ಡಡ್ಡ ಹಿಡಿದು, ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ಮೂರು ಪದರ. ಅಡಿಯಲ್ಲಿ ಕರೀ ಪ್ಲಾಸ್ಟಿಕ್ಕು, ಮೇಲೆ ಗಾಜಿನ ಗುಮ್ಮಟ, ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಓಪಲ್. ಗೆರೆ ಎಳೆದ ಹಾಗೆ ನೇರವಾದ ಅಂಟಿನ ಗುರುತು. ಇದಕ್ಕೆ ಟ್ರಿಪ್ಲೆಟ್ ಅಂತಾರೆ, ನೀರು ಇಳಿದರೆ ಅಂಟು ಮಬ್ಬಾಗುತ್ತೆ, ನೂರು ಡಾಲರ್ ಕೊಟ್ಟಿದ್ದರೂ ಜಾಸ್ತಿಯೇ ಅಂದರು. ಅಮ್ಮ ಪಕ್ಕದಲ್ಲೇ ನಿಂತಿದ್ದರು. ಇಂಗ್ಲಿಷ್ ಅಷ್ಟಾಗಿ ಬರಲ್ಲ, ಆದರೆ ನನ್ನ ಮುಖ ನೋಡಿದರು. "ಹೋಗ್ಲಿ ಬಿಡು ಮಗ, ಬಣ್ಣ ಚೆನ್ನಾಗಿತ್ತಲ್ಲ" ಅಂದರು. ಆ ಮಾತಿಗೆ ನನಗೆ ಇನ್ನೂ ಹೊಟ್ಟೆ ಉರೀತು.

ಅಂಗಡಿಗೆ ಬರೆದೆ. ಮೊದಲ ಉತ್ತರ: ನೀರಿನಲ್ಲಿ ಹಾಕ್ಕೊಂಡಿದ್ದು ನಿಮ್ಮ ತಪ್ಪು. ಕೊಡುವಾಗ ನೀರಿನ ಮಾತೇ ಎತ್ತಿರಲಿಲ್ಲ! ಪೂರ್ತಿ ಒಂದೇ ಕಲ್ಲಾಗಿರೋ ಸಾಲಿಡ್ ಓಪಲ್ ಆಗಿದ್ದರೆ ಪಾತ್ರೆ ತೊಳೆದ ನೀರಿಗೆ ಏನೂ ಆಗಲ್ಲ. ಫೋಟೊ ಕಳಿಸಿದೆ, ಮೂರೂ ಪದರ ಕಾಣೋ ಹಾಗೆ. ಎರಡನೇ ಉತ್ತರ: "ಅಸಲಿ ಓಪಲ್ ಅಂದಿದ್ದೆವು, ಅದರಲ್ಲಿ ಇರೋದು ಅಸಲಿ ಓಪಲ್ಲೇ. ಸಾಲಿಡ್ ಅಂತ ನಾವು ಹೇಳಿಲ್ಲ. ನೀವು ಕೇಳಲೂ ಇಲ್ಲ."

ನೀವು ಕೇಳಲೂ ಇಲ್ಲ! ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ಹೌದು, ಕೇಳಲಿಲ್ಲ. ಬ್ಲ್ಯಾಕ್ ಓಪಲ್ ಅಂತ ಕೈಯಾರೆ ಬಿಲ್ಲಿನಲ್ಲಿ ಬರೆದುಕೊಟ್ಟವನನ್ನು, ಅಡಿಗೆ ಕರೀ ಪ್ಲಾಸ್ಟಿಕ್ ಅಂಟಿಸಿದ್ದೀಯೇನಪ್ಪ ಅಂತ ಯಾರು ಕೇಳ್ತಾರೆ? ಮೂರನೇ ಉತ್ತರದಲ್ಲಿ, ಮುಂದಿನ ಸಲ ಬಂದಾಗ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀವಿ ಅಂತ. ಆಮೇಲೆ ಉತ್ತರವೇ ಇಲ್ಲ.

ಟ್ರಿಪ್ಲೆಟ್ ಮಾರೋದು ತಪ್ಪಲ್ಲ, ಟ್ರಿಪ್ಲೆಟ್ ಅಂತ ಹೇಳಿ ಆ ಬೆಲೆಗೆ ಮಾರಲಿ. ಅದೇ ಊರಿನಲ್ಲಿ ಚೀಟಿ ಅಂಟಿಸಿ, ಸಾಲಿಡ್, ಎರಡು ಪದರದ ಡಬ್ಲೆಟ್, ಟ್ರಿಪ್ಲೆಟ್ ಬೇರೆ ಬೇರೆ ಇಟ್ಟ ಅಂಗಡಿಗಳನ್ನೂ ನೋಡಿದ್ದೆ. ಅಲ್ಲಿ ಕೊಳ್ಳದೆ ಇಲ್ಲಿಗೆ ಬಂದೆ, ಕುರ್ಚಿ ಹಾಕಿದ ಅಂತ.

ನೀವು ಹೋದರೆ ಕಲ್ಲನ್ನು ಪಕ್ಕದಿಂದ ನೋಡಿ. ಹಿಂಬದಿ ಮುಚ್ಚಿದ ಉಂಗುರ ಮುಟ್ಟಲೇಬೇಡಿ. ಬಿಲ್ಲಿನಲ್ಲಿ "ಸಾಲಿಡ್" ಅನ್ನೋ ಪದ ಬರೆಸ್ಕೊಳ್ಳಿ, ಜೆನ್ಯುಯಿನ್ ಅಂದರೆ ಸಾಲದು. ಬರೆಯಲ್ಲ ಅಂದರೆ ಎದ್ದು ಬನ್ನಿ, ನೀರು ಕೊಟ್ಟರು ಅನ್ನೋ ದಾಕ್ಷಿಣ್ಯ ಬೇಡ.

ಗ್ರಾಹಕರ ದೂರು ಕೇಳೋ ಸರ್ಕಾರಿ ಇಲಾಖೆ, ಸೌತ್ ಆಸ್ಟ್ರೇಲಿಯಾದ ಕನ್ಸ್ಯೂಮರ್ ಅಂಡ್ ಬಿಸಿನೆಸ್ ಸರ್ವಿಸಸ್‌ಗೆ ಬಿಲ್ಲು, ಫೋಟೊ, ಆ ಮೂರೂ ಉತ್ತರ ಸೇರಿಸಿ ದೂರು ಹಾಕಿದ್ದೇನೆ. ಅಮ್ಮ ಬರೋ ವಾರ ಹಾಸನಕ್ಕೆ ಹೊರಡ್ತಾರೆ. ಉಂಗುರ ದೂರಿಗೆ ಬೇಕಾಗುತ್ತೆ ಅಂತ ನಾನೇ ಇಟ್ಕೊಂಡಿದ್ದೇನೆ.